ಬಾಟಲಿಯೊಳಗಿನ ಊರು

ತಂಗಡಿ ಹೂವಿನ ಮೇಲೆ ಒಂದು ಕಡ್ಡಿಜೇನು ಕೂತಿತ್ತು. ನಾನು ನೋಡತೊಡಗಿ ಐದು ನಿಮಿಷವಾಗಿತ್ತು, ಅದು ಕದಲಿರಲಿಲ್ಲ. ಬೆಳಗಿನ ಒಂಬತ್ತು ಗಂಟೆಗೆ, ಹೂವೆಲ್ಲ ಬಿರಿದ ಹೊತ್ತಿನಲ್ಲಿ, ಜೇನುಹುಳವೊಂದು ಐದು ನಿಮಿಷ ಸುಮ್ಮನೆ ಕೂರುವುದೆಂದರೆ ಸಂತೆಯ ದಿನ ಅಂಗಡಿಯವನು ತಕ್ಕಡಿಯ ಪಕ್ಕ ನಿದ್ದೆ ಹೋದ ಹಾಗೆ. ಎಲ್ಲೋ ಏನೋ ಕೆಟ್ಟಿದೆ. ಮೊಣಕಾಲೂರಿ ಭೂತಗನ್ನಡಿ ಹಿಡಿದೆ. ಹುಳದ ತಲೆಗೂ ಎದೆಗೂ ನಡುವಿನ ಸಂದಿನಲ್ಲಿ ಬಾಯಿಟ್ಟುಕೊಂಡು ಒಂದು ಜೇಡ ಕೂತಿತ್ತು. ಎಸಳಿನ ಹಳದಿಗೂ ಅದರ ಮೈಯ ಹಳದಿಗೂ ನೂಲೆಳೆಯಷ್ಟು ವ್ಯತ್ಯಾಸವಿಲ್ಲ.

ಏಡಿಜೇಡ. ಮುಂದಿನ ಎರಡು ಜೊತೆ ಕಾಲು ಉದ್ದ, ಹಿಂದಿನ ಎರಡು ಜೊತೆ ಗಿಡ್ಡ. ಮುಂದಿನವನ್ನು ಏಡಿಯ ಹಾಗೆ ಅಗಲಿಸಿ ಇಟ್ಟುಕೊಳ್ಳುತ್ತದೆ, ಹೆದರಿಸಿದರೆ ಏಡಿಯ ಹಾಗೆಯೇ ಅಡ್ಡಕ್ಕೆ ಸರಿಯುತ್ತದೆ. ಎದುರಿನಿಂದ ನೋಡಿದರೆ ಮುಖ ಎತ್ತಿನ ಹಣೆಯಂತೆ: ಎರಡೂ ಮೂಲೆಗೆ ಒಂದೊಂದು ಮೊನಚು ಕೋಡು, ಕೋಡಿಗೆ ಅಂಟಿಕೊಂಡೇ ಕಣ್ಣು. ಖಿಲಾರಿ ಎತ್ತಿನ ಸೀಮೆಗೆ ತಕ್ಕ ಜೇಡ ಅನ್ನಿಸಿತು. ಈ ಕೋಡು ಥೊಮಿಸಸ್ ಎಂಬ ಕುಲದ ಗುರುತು.

ಹುಲ್ಲುಕಡ್ಡಿಯಿಂದ ಮುಟ್ಟಿದೆ. ಜೇಡ ಎಸಳಿನ ಹಿಂಬದಿಗೆ ಜಾರಿತು, ಜೇನುಹುಳ ನನ್ನ ಅಂಗೈಗೆ ಬಿತ್ತು. ರೆಕ್ಕೆ, ಕಾಲು, ಕಣ್ಣು ಎಲ್ಲ ಇದ್ದಲ್ಲೇ ಇವೆ. ಊದಿದರೆ ಜೋಳದ ಹೊಟ್ಟಿನ ಹಾಗೆ ಹಾರಿಹೋಯಿತು. ಬೇರೆ ಎಷ್ಟೋ ಜೇಡಗಳು ಬೇಟೆಯನ್ನು ಅಗಿದು ಮುದ್ದೆ ಮಾಡುತ್ತವೆ. ಏಡಿಜೇಡದ ದವಡೆಗೆ ಹಾಗೆ ಅಗಿಯುವ ಹಲ್ಲಿಲ್ಲ. ಸಣ್ಣ ತೂತಿನಲ್ಲಿ ಜೀರ್ಣರಸ ಬಿಟ್ಟು, ಒಳಗಿನದನ್ನು ಕರಗಿಸಿ, ಎಳನೀರಿನ ಹಾಗೆ ಹೀರುತ್ತದೆ. ಚಿಪ್ಪು ಹಾಗೇ ಉಳಿಯುತ್ತದೆ.

‘ಏನರ ಕಳಕೊಂಡೀರೇನ್ರಿ?’

ತಲೆಯೆತ್ತಿದರೆ ಕುರಿಗಾಹಿ ಅಜ್ಜ. ಹಿಂದೆ ಒಂದಿಪ್ಪತ್ತು ಮಾಡಗ್ಯಾಳ ಕುರಿ, ಗಿಣಿಯ ಕೊಕ್ಕಿನಂತೆ ಬಾಗಿದ ಮೂಗಿನವು. ಮಡ್ಡಿಯ ಮೇಲೆ ಮೊಣಕಾಲೂರಿ ನೆಲ ನೋಡುವ ಪ್ಯಾಂಟಿನವನು ಏನೋ ಕಳಕೊಂಡವನೇ ಇರಬೇಕು ಎಂಬುದು ಅವನ ಲೆಕ್ಕ. ತಪ್ಪೇನಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಇದು ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕು, ಸಂಖದ ಆಚೆ ಉಮದಿಯ ಕಡೆಗಿನ ಒಂದು ದಿನ್ನೆ. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ, ಅದೂ ಬಂದರೆ. ಬೋರ್ ನದಿ ಹೆಸರಿಗೆ ನದಿ. ನೀರು ಹಿಡಿದವರು ದಾಳಿಂಬೆ, ದ್ರಾಕ್ಷಿ ಬೆಳೆಯುತ್ತಾರೆ; ಉಳಿದವರಿಗೆ ಸಜ್ಜೆ, ಬಿಳಿಜೋಳ ಮತ್ತು ಆಕಾಶ. ಊರೂರಿಗೂ ಕನ್ನಡ, ಅಂಗಡಿಯ ಬೋರ್ಡು ಮರಾಠಿ, ಮನೆಯ ಮುಂದಿನ ಜಗಳ ಎರಡೂ. ಗುಡ್ಡಾಪುರದ ದಾನಮ್ಮನಿಗೆ ಎರಡೂ ಭಾಷೆಯಲ್ಲಿ ಹರಕೆ ಮುಟ್ಟುತ್ತದೆ.

ಅಜ್ಜನ ಜೊತೆ ಎರಡು ಮಕ್ಕಳಿದ್ದರು. ಹುಡುಗ ಮರಾಠಿ ಶಾಲೆ, ಹುಡುಗಿ ಕನ್ನಡ ಶಾಲೆ, ಒಂದೇ ಓಣಿಯವರು. ಹುಡುಗ ಹೂವಿನೊಳಗೆ ಇಣುಕಿ ‘ಕೋಳಿ ಆಹೆ, ಕೋಳಿ’ ಎಂದು ಕೂಗಿದ. ಹುಡುಗಿ ಸುತ್ತಮುತ್ತ ಪೊದೆಯಲ್ಲೆಲ್ಲ ಹುಡುಕಿ, ‘ಎಲ್ಲೈತಿ ಕೋಳಿ?’ ಎಂದಳು. ಮರಾಠಿಯಲ್ಲಿ ಕೋಳಿ ಎಂದರೆ ಜೇಡ; ಮೀನು ಹಿಡಿಯುವವನೂ ಹೌದು. ಕನ್ನಡದ ಕೋಳಿಗೆ ಎರಡು ಕಾಲು, ಮರಾಠಿಯದಕ್ಕೆ ಎಂಟು. ಪ್ರಾಣಿಗಳಿಗೆ ಲ್ಯಾಟಿನ್ ಹೆಸರು ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಇನ್ನು ಮೇಲೆ ಈ ಇಬ್ಬರ ಕಥೆ ಹೇಳಬೇಕೆಂದುಕೊಂಡಿದ್ದೇನೆ.

ಕನ್ನಡದ ಹೆಸರಿಗೂ ತನ್ನದೇ ಒಂದು ತೊಡಕಿದೆ. ನಮ್ಮಲ್ಲಿ ಜೇಡ ಎಂದರೆ ನೇಕಾರನೂ ಹೌದು. ಜೇಡರ ದಾಸಿಮಯ್ಯ ಮಗ್ಗದ ಮುಂದೆ ಕೂತ ವಚನಕಾರ. ನೇಯುವುದನ್ನು ನೋಡಿಯೇ ಹುಳಕ್ಕೆ ಹೆಸರು ಹೊಂದಿಕೊಂಡಿದೆ. ಆದರೆ ಈ ಹಳದಿ ಜೇಡಕ್ಕೆ ಮಗ್ಗವೇ ಇಲ್ಲ. ನೂಲು ಇದೆ, ಹಾರುವಾಗ ಹಿಂದೆ ಒಂದೆಳೆ ಕಟ್ಟಿಕೊಳ್ಳುತ್ತದೆ, ಮೊಟ್ಟೆಗೆ ಚೀಲ ಹೊಲಿಯುತ್ತದೆ. ಬೇಟೆಗೆ ಮಾತ್ರ ಬಲೆ ಹಾಕುವುದಿಲ್ಲ. ಹೂವಿನಲ್ಲಿ ಕೂತು ಕಾಯುತ್ತದೆ, ಅಷ್ಟೆ. ಮುಂಗಾಲು ತೆರೆದು, ಗಂಟೆಗಟ್ಟಲೆ.

ಕಾಯುವುದೇ ಕಸುಬಾದವನಿಗೆ ಕಾಣದಿರುವುದು ಬಂಡವಾಳ. ಏಡಿಜೇಡಗಳ ಕುಟುಂಬದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಕಾಣದಿರುವ ವಿದ್ಯೆಯನ್ನು ಒಬ್ಬೊಬ್ಬರೂ ಒಂದೊಂದು ಬಗೆಯಲ್ಲಿ ಕಲಿತಿದ್ದಾರೆ. ಆಕ್ಸಿಟೇಟ್ ಎಂಬವು ಎಲೆಯ ಅಡಿಯಲ್ಲಿ ಎಲೆಯ ನರದಂತೆ ಹಸಿರಾಗಿ ಚಾಚಿಕೊಳ್ಳುತ್ತವೆ. ಟ್ಮಾರಸ್ ಕುಲದವು ಒಣಕಡ್ಡಿಗೆ ಮೈ ಅಂಟಿಸಿ, ಕಾಲುಗಳನ್ನೆಲ್ಲ ಹಿಂದೆ ಮುಂದೆ ನೀಡಿ, ಕಡ್ಡಿಯಲ್ಲೇ ಒಡೆದ ಮೊಗ್ಗಿನ ಹಾಗೆ ಕಾಣುತ್ತವೆ. ಅಮೀಸಿಯಾ ಕೆಂಜಿಗದ ವೇಷ ಹಾಕಿ ಕೆಂಜಿಗಗಳನ್ನೇ ಹಿಡಿಯುತ್ತದೆ. ಇವರೆಲ್ಲರನ್ನೂ ಮೀರಿಸಿದ್ದು ಫ್ರೈನರಾಕ್ನಿ. ಹೆನ್ರಿ ಫೋರ್ಬ್ಸ್ ಎಂಬ ಸ್ಕಾಟ್ಲೆಂಡಿನ ನಿಸರ್ಗಶಾಸ್ತ್ರಜ್ಞ ಜಾವಾದ ಕಾಡಿನಲ್ಲಿ ಒಂದು ಚಿಟ್ಟೆ ಹಿಡಿಯಲು ಹೋದ. ಅದು ಎಲೆಯ ಮೇಲಿನ ಹಕ್ಕಿಹಿಕ್ಕೆಗೆ ಕೂತಿತ್ತು, ಎತ್ತಿದರೆ ಅರ್ಧ ದೇಹ ಕೈಗೆ ಬಂತು, ಇನ್ನರ್ಧ ಹಿಕ್ಕೆಗೇ ಅಂಟಿಕೊಂಡಿತು. ಹಿಕ್ಕೆಗೆ ಅಂಟು ಇದೆಯೇನೋ ಎಂದು ಮುಟ್ಟಿ ನೋಡಿದ. ಹಿಕ್ಕೆ ಜೇಡವಾಗಿತ್ತು. ಕೆಳಗೆ ಬಿಳಿ ನೂಲು ಹಾಸಿ, ಅದು ಎಲೆಯಂಚಿಗೆ ಹರಿದು ಒಣಗಿದಂತೆ ತೋರಿಸಿ, ನಡುವೆ ತಾನು ಬೆನ್ನಿನ ಮೇಲೆ ಮಲಗಿತ್ತು. ಮುಂದೆ ಸುಮಾತ್ರಾದಲ್ಲಿ ಅವನು ಅದೇ ಮೋಸಕ್ಕೆ ಎರಡನೇ ಸಲ ಬಿದ್ದ ಎಂಬುದು ನನಗೆ ಇನ್ನೂ ಪ್ರಿಯವಾದ ವಿವರ. ಪರಿಣತಿಯ ಗತ್ತಿಗೆ ಇಂಥ ಪೆಟ್ಟು ಆಗಾಗ ಬೀಳಬೇಕು.

ಹೂವಿನ ಏಡಿಜೇಡಗಳು ಬಣ್ಣ ಬದಲಿಸುತ್ತವೆ. ಗೋಸುಂಬೆಯ ಹಾಗೆ ಕಣ್ಣೆದುರೇ ಅಲ್ಲ, ದಿನಗಳ ಲೆಕ್ಕದಲ್ಲಿ. ಬಿಳಿ ಹೂವಿನಿಂದ ಹಳದಿ ಹೂವಿಗೆ ಬಂದ ಜೇಡ ಹಳದಿ ವರ್ಣದ್ರವ್ಯವನ್ನು ಮೈಯಲ್ಲಿ ತಯಾರಿಸಿಕೊಳ್ಳಬೇಕು, ಅದಕ್ಕೆ ಎರಡು ಮೂರು ವಾರವೂ ಹಿಡಿಯಬಹುದು. ಹಳದಿಯನ್ನು ಕಳೆದುಕೊಳ್ಳುವುದು ಅದಕ್ಕಿಂತ ಬೇಗ, ವಾರದೊಳಗೆ. ಗಳಿಸುವುದು ನಿಧಾನ, ಕಳೆಯುವುದು ಬೇಗ. ಜತ್ತದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಬಣ್ಣ ಹೊಂದಿಸುವುದು ಮರೆಗಾಗಿಯೇ ಎಂದು ತಿಳಿದಿದ್ದ ನಮಗೆ 2003ರಲ್ಲಿ ಒಂದು ತಿರುವು ಸಿಕ್ಕಿತು. ಆಸ್ಟ್ರೇಲಿಯಾದ ಥೊಮಿಸಸ್ ಸ್ಪೆಕ್ಟಾಬಿಲಿಸ್ ಎಂಬ ಬಿಳಿ ಏಡಿಜೇಡವನ್ನು ಬಿಳಿ ಸೇವಂತಿಗೆಯ ಜಾತಿಯ ಹೂವಿನ ಮೇಲೆ ಕೂರಿಸಿ, ಜೇನುಹುಳಗಳಿಗೆ ಎರಡು ಹೂವಿನ ಆಯ್ಕೆ ಕೊಟ್ಟರು: ಜೇಡವಿರುವುದು, ಇಲ್ಲದಿರುವುದು. ಹುಳಗಳು ಜೇಡವಿರುವ ಹೂವಿಗೇ ಹೆಚ್ಚು ಹೋದವು. ನಮ್ಮ ಕಣ್ಣಿಗೆ ಬಿಳಿಯ ಮೇಲೆ ಬಿಳಿ. ಜೇನಿನ ಕಣ್ಣು ನೋಡುವುದು ನೇರಳಾತೀತವನ್ನೂ ಸೇರಿಸಿ. ಆ ಬೆಳಕಿನಲ್ಲಿ ಜೇಡ ಹೂವಿನ ನಡುವೆ ಹೊಳೆಯುತ್ತದೆ. ಅದು ಅಡಗಿರಲಿಲ್ಲ, ದೀಪ ಹಚ್ಚಿ ಕೂತಿತ್ತು. ಇಲ್ಲೊಂದು ಕೊಸರೂ ಇದೆ. ಮೋಸ ಹೋದದ್ದು ಯೂರೋಪಿನಿಂದ ತಂದ ಜೇನು. ಅಲ್ಲಿಯದೇ ನೆಲದ ಜೇನುಗಳು ಹೊಳಪಿಗೆ ಮರುಳಾಗಿ ಹತ್ತಿರ ಬರುತ್ತವೆ, ಆದರೆ ಜೇಡವಿರುವ ಹೂವಿಗೆ ಇಳಿಯಲು ಹಿಂಜರಿಯುತ್ತವೆ. ಒಂದೇ ಊರಿನಲ್ಲಿ ಬಹುಕಾಲ ಬಾಳಿದವರು ಒಬ್ಬರ ಚಾಳಿ ಒಬ್ಬರು ಬಲ್ಲರು.

‘ಇದು ಹೊಸಾದೇನ್ರಿ?’ ಹುಡುಗಿ ಕೇಳಿದಳು. ಮಡ್ಡಿಗೆ ಬಂದು ಹುಳ ನೋಡುವವರು ಹೊಸದನ್ನೇ ಹುಡುಕುತ್ತಾರೆ ಎಂದು ಅವಳಿಗೆ ಯಾರು ಹೇಳಿದರೋ.

ನೋಡಿದೊಡನೆ ಹೇಳಲಾಗುವುದಿಲ್ಲ ಎಂಬುದೇ ಈ ಕೆಲಸದ ಮೊದಲ ಪಾಠ. ಹೊಸ ಪ್ರಭೇದ ಕಾಡಿನಲ್ಲಿ ಸಿಗುವುದಿಲ್ಲ; ಕಾಡಿನಲ್ಲಿ ಸಿಗುವುದು ಒಂದು ಜೇಡ. ಅದು ಹೊಸದು ಎಂಬುದು ಸಿಗುವುದು ಸೂಕ್ಷ್ಮದರ್ಶಕದ ಕೆಳಗೆ ಮತ್ತು ಹಳೇ ಕಾಗದಗಳ ನಡುವೆ, ತಿಂಗಳುಗಳ ನಂತರ, ಕೆಲವೊಮ್ಮೆ ವರ್ಷಗಳ ನಂತರ. ಮೈಬಣ್ಣ ನಂಬುವಂತಿಲ್ಲ, ಹೇಳಿದೆನಲ್ಲ, ಅದು ವಾರಕ್ಕೊಂದು ವೇಷ. ಮದ್ಯಸಾರದಲ್ಲಿ ಮುಳುಗಿಸಿದರೆ ಹಸಿರು, ಹಳದಿ ಎಲ್ಲ ಹೊರಟುಹೋಗಿ ಅನ್ನದ ಗಂಜಿಯ ಬಣ್ಣ ಉಳಿಯುತ್ತದೆ. ಗಾತ್ರವನ್ನೂ ನಂಬುವಂತಿಲ್ಲ. ಥೊಮಿಸಸ್ ಹೆಣ್ಣು ಕಡಲೆಕಾಳಿನಷ್ಟಿದ್ದರೆ ಗಂಡು ಸಾಸಿವೆಗಿಂತ ತುಸು ದೊಡ್ಡದು, ಕಂದು ಬಣ್ಣದ್ದು, ಹೆಣ್ಣಿನ ಬೆನ್ನ ಮೇಲೇ ಓಡಾಡಿಕೊಂಡಿರುತ್ತದೆ. ಗೊತ್ತಿಲ್ಲದವರು ಎರಡಕ್ಕೂ ಬೇರೆ ಬೇರೆ ಹೆಸರಿಟ್ಟರೆ ಆಶ್ಚರ್ಯವಿಲ್ಲ. ಜೇಡಗಳ ಪಟ್ಟಿಯಲ್ಲಿ ಗಂಡು ಮಾತ್ರ ಗೊತ್ತಿರುವ, ಹೆಣ್ಣು ಮಾತ್ರ ಗೊತ್ತಿರುವ ಪ್ರಭೇದಗಳು ರಾಶಿ ಇವೆ. ಅವುಗಳಲ್ಲಿ ಎಷ್ಟು ಜೊತೆ ಒಂದೇ ಮನೆಯವೋ.

ನಂಬಬಹುದಾದದ್ದು ಜನನಾಂಗ. ಗಂಡಿನ ಮುಖದ ಎರಡೂ ಕಡೆ ಮುಷ್ಟಿ ಕಟ್ಟಿದ ಕೈಯಂಥ ಪಾಲ್ಪ್ ಇರುತ್ತದೆ, ಅದರ ಮೇಲೆ ಮುಳ್ಳು, ಕೊಕ್ಕೆ, ಸುರುಳಿ ಸುತ್ತಿದ ತಂತಿ. ಹೆಣ್ಣಿನ ಹೊಟ್ಟೆಯಡಿ ಕಪ್ಪಗಿನ ಒಂದು ಸಣ್ಣ ಫಲಕ, ಎಪಿಜೈನ್. ಬೀಗ, ಕೀಲಿಕೈ ಎಂದು ಹಳಬರು ಹೋಲಿಸುತ್ತಿದ್ದರು. ಹೋಲಿಕೆ ಪೂರ್ತಿ ಸರಿಯಲ್ಲವೆಂದು ಈಗಿನವರು ತಕರಾರು ತೆಗೆದರೂ ಕೆಲಸಕ್ಕೆ ಅದೇ ಆಧಾರ. ಫಲಕವನ್ನು ಸೂಜಿಯಿಂದ ಬಿಡಿಸಿ, ಕ್ಷಾರದಲ್ಲೋ ಲವಂಗದ ಎಣ್ಣೆಯಲ್ಲೋ ಇಟ್ಟರೆ ಮಾಂಸ ತಿಳಿಯಾಗಿ ಒಳಗಿನ ನಾಳಗಳು ಕಾಣುತ್ತವೆ. ಕೂದಲಿಗಿಂತ ಸಣ್ಣ ನಾಳ ಎಷ್ಟು ಸುತ್ತು ಸುತ್ತಿದೆ, ಎಡಕ್ಕೋ ಬಲಕ್ಕೋ, ಕೊನೆಯ ಚೀಲ ಅವರೆಕಾಳಿನ ಆಕಾರವೋ ಗೋಡಂಬಿಯದೋ. ಚಿತ್ರ ಬರೆಯಬೇಕು, ಕಾಲಿನ ಒಂದೊಂದು ಗೆಣ್ಣನ್ನೂ ಮಿಲಿಮೀಟರಿನ ನೂರನೇ ಭಾಗದವರೆಗೆ ಅಳೆಯಬೇಕು. ಲವಂಗದ ಎಣ್ಣೆ ಹಲ್ಲುನೋವಿನವರಿಗೆ ಮಾತ್ರ ಎಂದುಕೊಂಡಿದ್ದ ನಾನು ಮೊದಲ ಸಲ ಪ್ರಯೋಗಾಲಯದಲ್ಲಿ ಆ ವಾಸನೆ ಬಂದಾಗ ಅಲ್ಲಿ ಯಾರಿಗೆ ಹಲ್ಲುನೋವು ಎಂದು ವಿಚಾರಿಸಿದ್ದೆ.

ಅದಾದ ಮೇಲೆ ಓದು. ಈ ಕುಲದ ಬಗ್ಗೆ ಹಿಂದೆ ಯಾರು ಏನು ಬರೆದಿದ್ದಾರೋ ಅದೆಲ್ಲ, ಲ್ಯಾಟಿನ್, ಫ್ರೆಂಚ್, ಜರ್ಮನ್ ಸೇರಿ. ಹಾವು, ಹಕ್ಕಿ, ಮೀನಿನವರು 1758ರ ಲಿನೇಯಸ್‌ನ ಪುಸ್ತಕಕ್ಕೆ ಬಂದು ನಿಲ್ಲಬಹುದು. ಜೇಡದವರಿಗೆ ಒಂದು ವರ್ಷ ಹೆಚ್ಚಿನ ಓದು: ಸ್ವೀಡನ್ನಿನ ಕಾರ್ಲ್ ಕ್ಲರ್ಕ್ 1757ರಲ್ಲಿ ತನ್ನ ದೇಶದ ಜೇಡಗಳ ಪುಸ್ತಕ ತಂದಿದ್ದ, ಅದರ ಹೆಸರುಗಳಿಗೆ ಪ್ರಾಣಿಶಾಸ್ತ್ರದ ನಿಯಮಾವಳಿ ವಿಶೇಷ ಮನ್ನಣೆ ಕೊಟ್ಟಿದೆ. ಆ ಪುಸ್ತಕದಲ್ಲೇ ಒಂದು ಏಡಿಜೇಡವೂ ಇದೆ, ಈಗಿನ ಮಿಸುಮೆನಾ ವಾಟಿಯಾ. ಅಲ್ಲಿಂದ ಇಲ್ಲಿಗೆ, 2022ರಲ್ಲಿ, ಜಗತ್ತಿನ ಜೇಡಪಟ್ಟಿ ಐವತ್ತು ಸಾವಿರದ ಗಡಿ ದಾಟಿತು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಮ್ಯೂಸಿಯಮ್ಮು ಅದರ ಲೆಕ್ಕ ಇಡುತ್ತದೆ. ನಮ್ಮ ದೇಶದ್ದು ಅದರಲ್ಲಿ ಎರಡು ಸಾವಿರದ ಆಸುಪಾಸು. ದೇಶದ ಅಗಲ ನೋಡಿದರೆ ಇದು ಬಹಳ ಕಡಿಮೆ. ಜೇಡ ಕಡಿಮೆಯೋ, ನೋಡಿದವರು ಕಡಿಮೆಯೋ?

ಈ ಪ್ರಶ್ನೆಗೆ ಉತ್ತರ ಹುಡುಕಲು ಜತ್ತದಿಂದ ನೆಟ್ಟಗೆ ದಕ್ಷಿಣಕ್ಕೆ ಹೋಗಬೇಕು. ಹದ್ದು ಹಾರಿದಂತೆ ಅಳೆದರೆ ಸುಮಾರು 440 ಕಿಲೋಮೀಟರು, ಚಾರ್ಮಾಡಿ ಘಾಟಿಯ ತಲೆಯ ಮೇಲೆ, ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರ. ಧರ್ಮಸ್ಥಳಕ್ಕೆ ಇಳಿಯುವವರು ನೀರುದೋಸೆಗೆ ನಿಲ್ಲುವ ಊರು. ಮಳೆಗಾಲದಲ್ಲಿ ಬಟ್ಟೆ ಒಣಗದ ಊರು. 1963ರಲ್ಲಿ ಪೂನಾ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ‘ಮಹಾರಾಷ್ಟ್ರ ಮತ್ತು ಮೈಸೂರು ರಾಜ್ಯಗಳ ಕೆಲವು ಜೇಡಗಳು’ ಎಂಬ ಅರ್ಥದ ತಲೆಬರಹದಲ್ಲಿ ಒಂದು ಲೇಖನ ಬಂತು. ಬರೆದವರು ಬಿ.ಕೆ. ಟಿಕಾದರ್. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ 1959ರಲ್ಲಿ ಪುಣೆಯಲ್ಲಿ ತನ್ನ ಪಶ್ಚಿಮ ಕೇಂದ್ರ ತೆರೆದಿತ್ತು. ಆ ದಶಕದಲ್ಲಿ ಪುಣೆಯಲ್ಲಿ ಕೂತು ಸಹ್ಯಾದ್ರಿಯ ಜೇಡಗಳನ್ನು ಒಂದೊಂದಾಗಿ ಕಾಗದಕ್ಕೆ ಇಳಿಸಿದ ಬಂಗಾಳಿ ಅವರು. ಮುಂದೆ ಸಂಸ್ಥೆಯ ನಿರ್ದೇಶಕರೂ ಆದರು. ಆ ಲೇಖನದ ಹೊಸ ಪ್ರಭೇದಗಳಲ್ಲಿ ಒಂದು ಕಡ್ಡಿವೇಷದ ಏಡಿಜೇಡ. ಅದಕ್ಕೆ ಇಟ್ಟ ಹೆಸರು ಟ್ಮಾರಸ್ ಕೊಟಿಗೆಹಾರಸ್. ಇನ್ನೊಂದು ಬಲೆ ಕಟ್ಟುವವರ ಕುಟುಂಬದ್ದು, ಪತಂಗ ಹಿಡಿಯಲು ತ್ರಿಕೋನದ ಬಲೆ ಹಾಕುವ ಕುಲದ್ದು. ಅದೂ ಪ್ಯಾಸಿಲೋಬಸ್ ಕೊಟಿಗೆಹಾರಸ್.

ಎರಡು ಜೇಡ, ಎರಡರ ಬೆನ್ನಿಗೂ ಒಂದೇ ಊರು. ಮಲೆನಾಡಿನ ಒಂದು ಸಣ್ಣ ಹಾಲ್ಟು ಬರ್ನ್ ನಗರದ ಪಟ್ಟಿಯಲ್ಲಿ ಎರಡು ಸಲ ಕೂತಿದೆ. ಒಂದೇ ಕೊರತೆ: ‘ಟ್ಟಿ’ ಹೋಗಿ ‘ಟಿ’ ಆಗಿದೆ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಅಕ್ಷರ ಬಿಟ್ಟಿದೆ. ತಿದ್ದಬಹುದಲ್ಲ ಎಂದರೆ ಇಲ್ಲ. ಪರಭಾಷೆಯ ಹೆಸರನ್ನು ಲ್ಯಾಟಿನ್ನಿಗೆ ತರುವಾಗ ಆದ ಅಪಭ್ರಂಶ ಅಚ್ಚಿನ ತಪ್ಪಲ್ಲ ಎನ್ನುತ್ತದೆ ನಿಯಮಾವಳಿ. ಮೊದಲು ಅಚ್ಚಾದದ್ದೇ ಕೊನೆ. ತಹಶೀಲ್ದಾರರ ಕಚೇರಿಯಲ್ಲಿ ರೇಷನ್ ಕಾರ್ಡಿನ ಹೆಸರು ತಿದ್ದಿಸಿದ ಅನುಭವವಿರುವವರಿಗೂ ಇದು ಕಠಿಣ ಎನ್ನಿಸಬಹುದು.

ಟಿಕಾದರ್ ಅವರ ಏಡಿಜೇಡಗಳೆಲ್ಲ ಒಂದೆಡೆ ಸೇರಿ ದೊಡ್ಡ ಸಂಪುಟವಾಗಿ ಬಂದದ್ದು 1980ರಲ್ಲಿ. ಅದೇ ವರ್ಷ ಮೂಡಿಗೆರೆಯಿಂದ ತೇಜಸ್ವಿಯವರ ‘ಕರ್ವಾಲೊ’ ಬಂತು, ಹಾರುವ ಓತಿಯ ಬೆನ್ನು ಹತ್ತಿದವರ ಕಾದಂಬರಿ. ಈಗ ತೇಜಸ್ವಿ ಪ್ರತಿಷ್ಠಾನ ಇರುವುದೂ ಕೊಟ್ಟಿಗೆಹಾರದಲ್ಲಿಯೇ. ಆ ಊರಿನ ಹೆಸರು ಹೊತ್ತ ಕಡ್ಡಿಜೇಡ ಆ ಹೊತ್ತಿಗೆ ಹದಿನೇಳು ವರ್ಷದಿಂದ ದಾಖಲೆಯಲ್ಲಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ತಿಳಿದ ದಿನ ಏನೋ ಕಳಕೊಂಡಂತೆಯೇ ಆಯಿತು. ಈ ಸಂಗತಿ ತೇಜಸ್ವಿಯವರ ಕೈಗೆ ಸಿಕ್ಕಿದ್ದರೆ ಅದರಿಂದ ಏನು ಮಾಡುತ್ತಿದ್ದರೋ!

ಟಿಕಾದರ್ ಅವರ ಕೆಲಸದಲ್ಲಿ ಈಗಿನವರು ಕೊರತೆ ಹುಡುಕುತ್ತಾರೆ. ಚಿತ್ರಗಳು ಸರಳ, ಒಳನಾಳದ ವಿವರ ಸಾಲದು, ಕೆಲವು ಪ್ರಭೇದಗಳು ಮರಿಗಳನ್ನು ನೋಡಿ ಬರೆದವು. ನಿಜವೇ ಇರಬಹುದು. ಆದರೆ ಊರಿನ ಹೆಸರು ಇಟ್ಟದ್ದರಲ್ಲಿ ಒಂದು ಉಪಕಾರವಿದೆ. ಕೊಟ್ಟಿಗೆಹಾರದ ಜೇಡಗಳು ಬಂದ 1963ರದೇ ಅವರ ಇನ್ನೊಂದು ಏಡಿಜೇಡ ಥೊಮಿಸಸ್ ಕಾತ್ರಜ್‌ಘಾಟಸ್. ಓದಿದೊಡನೆ ಪುಣೆಯಿಂದ ಸಾತಾರಾ ದಾರಿ ಹಿಡಿದು ಕಾತ್ರಜ್ ಘಾಟಿಗೆ ಹೋಗಿ ಪೊದೆ ಅಲುಗಿಸಬಹುದು. ಈಗ ಹೆಸರಿಡುವ ರುಚಿ ಬದಲಾಗಿದೆ. ಶ್ರೀಲಂಕಾದ ಒಂದು ಏಡಿಜೇಡಕ್ಕೆ 2000ದಲ್ಲಿ ಎಪಿಡಿಯಸ್ ಪಾರ್ವತಿ ಎಂದು ಹೆಸರಾಯಿತು. 2016ರಲ್ಲಿ ಶಿವಮೊಗ್ಗ ಕಡೆಯ ಕಾನಿನಿಂದ ಬಂದ ಪುಟ್ಟ ಜೇಡವೊಂದಕ್ಕೆ, ಏಡಿಜೇಡವಲ್ಲ ಅದು, ಹ್ಯಾರಿ ಪಾಟರ್ ಕಥೆಯ ಟೋಪಿಯನ್ನು ಹೋಲುತ್ತದೆಂದು ಎರಿಯೋವಿಕ್ಸಿಯಾ ಗ್ರಿಫಿಂಡೋರಿ ಎಂದು ಇಟ್ಟರು. ಕಥೆ ಬರೆದ ರೌಲಿಂಗ್ ಅವರೇ ಖುಷಿಪಟ್ಟು ಅಭಿನಂದಿಸಿದರು, ಜಗತ್ತಿಗೆಲ್ಲ ಸುದ್ದಿಯಾಯಿತು. ಸುದ್ದಿಯಲ್ಲಿ ಕಾನು ಎಂಬ ಮಾತು ಎಷ್ಟು ಜನರಿಗೆ ಮುಟ್ಟಿತೋ ತಿಳಿಯದು. ನಾನಾಗಿದ್ದರೆ ಕಾನಿನ ಹೆಸರೇ ಇಡುತ್ತಿದ್ದೆ. ಸುದ್ದಿಯಾಗುತ್ತಿರಲಿಲ್ಲ ಎಂಬುದೂ ಗೊತ್ತು.

ಕಾತ್ರಜ್, ಖಂಡಾಲಾ, ಕೊಟ್ಟಿಗೆಹಾರ. ಜೇಡಗಳ ಹೆಸರಿಗೆ ಸೇರಿದ ಇಂಥ ಊರುಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಬಸ್ಸು ಓಡುವ ಘಾಟಿಗಳ ಸಾಲು ಮೂಡುತ್ತದೆ. ಜೇಡ ಇರುವ ಜಾಗದ ನಕ್ಷೆಗಿಂತ ಜೇಡ ಹುಡುಕಿದವರು ಇಳಿದ ಜಾಗದ ನಕ್ಷೆ ಇದು. ಜತ್ತ ಕಾತ್ರಜ್‌ನಿಂದ ಇನ್ನೂರು ಕಿಲೋಮೀಟರಿನಷ್ಟು ದೂರದಲ್ಲಿದೆ, ಆ ಲೇಖನದ ತಲೆಬರಹದಲ್ಲಿದ್ದ ಎರಡು ರಾಜ್ಯಗಳ ನಟ್ಟನಡುವೆ. ಆದರೂ ಉಷ್ಣವಲಯದ ಕಾಡಿನ ಜೇಡ ಎಂದರೆ ಕನ್ನಡದವರ ಮನಸ್ಸು ಆಗುಂಬೆಗೆ ಓಡುತ್ತದೆ, ಮರಾಠಿಯವರದು ಆಂಬೋಲಿಗೆ. ಜತ್ತದ ಮಡ್ಡಿಯನ್ನು ಕಾಡು ಎಂದರೆ ನಗುತ್ತಾರೆ. ಭಾರತದ ಕಾಡುಗಳನ್ನು 1968ರಲ್ಲಿ ಚಾಂಪಿಯನ್ ಮತ್ತು ಸೇಠ್ ಹದಿನಾರು ಗುಂಪು ಮಾಡಿದಾಗ ಆರನೆಯ ಗುಂಪಿಗೆ ಇಟ್ಟ ಹೆಸರು ಉಷ್ಣವಲಯದ ಮುಳ್ಳುಕಾಡು. ಜಾಲಿ, ಬಾರಿ, ತಂಗಡಿ, ನಡುವೆ ಹುಲ್ಲು. ಅರಣ್ಯಶಾಸ್ತ್ರದಲ್ಲಿ ಇದು ಕಾಡು, ಕಂದಾಯದ ಕಾಗದದಲ್ಲಿ ಬಂಜರು. ಬಂಜರೆಂದು ಬರೆದ ಮೇಲೆ ಅಲ್ಲಿ ಗಾಳಿಯಂತ್ರ ನಿಲ್ಲಿಸಬಹುದು, ಗಿಡ ನೆಡುವ ಗುರಿ ಮುಟ್ಟಿಸಬಹುದು. ಭೂತಗನ್ನಡಿ ಹಿಡಿದು ಮೊಣಕಾಲೂರಿದವರು ಕಡಿಮೆ. ಹುಡುಗಿಯ ಪ್ರಶ್ನೆಗೆ ನಾನು ಇಲ್ಲ ಎನ್ನದೆ ಇದ್ದದ್ದಕ್ಕೆ ಇದೇ ಕಾರಣ.

ಇನ್ನು ಅಜ್ಜನ ಮಾತು. ಹಲವು ವರ್ಷಗಳ ಹಿಂದೆ ನಾನು ಇದೇ ಸೀಮೆಯಲ್ಲಿ ಎರಡು ದಿನ ಅಲೆದು ಹನ್ನೊಂದು ಜೇಡ ಹಿಡಿದಿದ್ದೆ. ಒಂದೊಂದು ಸಣ್ಣ ಬಾಟಲಿ, ಶೇಕಡಾ 70ರ ಮದ್ಯಸಾರ, ಒಳಗೆ ಒಂದೊಂದು ಚೀಟಿ: ಊರು, ತಾರೀಕು, ಯಾವ ಗಿಡ, ಎಷ್ಟು ಎತ್ತರ. ಚೀಟಿಯನ್ನು ಬಾಟಲಿಯ ಹೊರಗೆ ಅಂಟಿಸಬಾರದು, ಒಳಗೇ ಹಾಕಬೇಕು ಎಂದು ಓದಿಕೊಂಡಿದ್ದೆ. ಪೆನ್ಸಿಲಿನಲ್ಲೇ ಬರೆಯಬೇಕು ಎಂಬ ಸಾಲನ್ನೂ ಓದಿದ್ದೆ. ಆದರೆ ಆ ದಿನ ಜೇಬಿನಲ್ಲಿ ಇದ್ದದ್ದು ಬಾಲ್‌ಪೆನ್ನು. ಮೂರು ವಾರ ಬಿಟ್ಟು ತೆಗೆದು ನೋಡಿದರೆ ಮದ್ಯಸಾರ ತಿಳಿನೀಲಿ, ಜೇಡಗಳು ತಿಳಿನೀಲಿ, ಚೀಟಿ ಹಾಲಿನಂತೆ ಬಿಳಿ. ಹನ್ನೊಂದು ಜೇಡಗಳೂ ಊರು ಕಳಕೊಂಡಿದ್ದವು. ಅವುಗಳಲ್ಲಿ ಒಂದು ಉದ್ದನೆಯದು, ಕಡ್ಡಿವೇಷದ್ದು, ಹೊಟ್ಟೆಯ ತುದಿ ಮೊನಚು. ಯಾವ ಹಳ್ಳದ ಯಾವ ಜಾಲಿಯಿಂದ ತಂದೆ ಎಂಬುದು ಎಷ್ಟು ತಲೆ ಕೆರೆದರೂ ನೆನಪಾಗಲಿಲ್ಲ. ತಜ್ಞರಿಗೆ ತೋರಿಸಿದೆ. ಅವರು ಬಾಟಲಿ ಅಲುಗಿಸಿ, ಚೀಟಿ ನೋಡಿ, ನನ್ನ ಮುಖ ನೋಡಿ, ಬಾಟಲಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಬೈದಿದ್ದರೆ ವಾಸಿಯಿತ್ತು.

ಹೊಸ ಪ್ರಭೇದದ ವಿವರಣೆ ಎಂದರೆ ಒಂದೇ ಒಂದು ದೇಹಕ್ಕೆ ಒಂದು ಹೆಸರನ್ನು ಕಟ್ಟುವುದು. ಆ ದೇಹಕ್ಕೆ ಹೋಲೋಟೈಪ್ ಎನ್ನುತ್ತಾರೆ. ಮುಂದೆ ನೂರು ವರ್ಷದ ನಂತರ ಯಾರಿಗಾದರೂ ಅನುಮಾನ ಬಂದರೆ ಅದೇ ಬಾಟಲಿ ತೆರೆದು ನೋಡಬೇಕು, ಅದೇ ಜಾಗಕ್ಕೆ ಹೋಗಿ ಅದರ ನೆಂಟರನ್ನು ಹುಡುಕಬೇಕು. ಚೀಟಿಯಿಲ್ಲದ ಹೋಲೋಟೈಪು ವಿಳಾಸವಿಲ್ಲದ ಲಕೋಟೆ.

ವಿಳಾಸವಾದರೂ ನಿಂತಲ್ಲಿ ನಿಲ್ಲುತ್ತದೆಯೇ? ಈ ದಿನ್ನೆಯನ್ನೇ ನೋಡಿ. 1900ರಲ್ಲಿ ಇಲ್ಲಿ ಜೇಡ ಹಿಡಿದವನು ಚೀಟಿಯಲ್ಲಿ ಜತ್ತ ಸಂಸ್ಥಾನ ಎಂದು ಬರೆಯುತ್ತಿದ್ದ, ಡಫಳೆ ಮನೆತನದ ಆಳ್ವಿಕೆ. ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1949ರಲ್ಲಿ ದಕ್ಷಿಣ ಸಾತಾರಾ ಎಂಬ ಜಿಲ್ಲೆಯಾಯಿತು, 1960ರಲ್ಲಿ ಅದರ ಹೆಸರು ಸಾಂಗಲಿ ಆಯಿತು, ಅದೇ ವರ್ಷ ಮಹಾರಾಷ್ಟ್ರ ಹುಟ್ಟಿತು. 1967ರ ಮಹಾಜನ ಗಡಿ ಆಯೋಗದ ವರದಿ ಬೇರೆಯದೇ ಗೆರೆ ಎಳೆಯಿತು. 2022ರ ಕೊನೆಯಲ್ಲಿ ಜತ್ತದ ಹಳ್ಳಿಗಳ ಹೆಸರು ಮತ್ತೆ ಎರಡೂ ರಾಜ್ಯಗಳ ಪತ್ರಿಕೆಗಳ ಮುಖಪುಟಕ್ಕೆ ಬಂತು. ಟಿಕಾದರ್ ಬರೆದ ‘ಮೈಸೂರು ರಾಜ್ಯ’ವೂ 1973ರ ನಂತರ ಕಾಗದದ ಮೇಲಷ್ಟೇ ಇದೆ. ಅದಕ್ಕೇ ಈಗ ಚೀಟಿಯಲ್ಲಿ ಅಕ್ಷಾಂಶ ರೇಖಾಂಶ ಬರೆಯುತ್ತಾರೆ. ಫೋನು ಅಂಕಿ ಕೊಡುತ್ತದೆ, ಯಾವ ಆಯೋಗವೂ ಅದನ್ನು ಬದಲಿಸುವುದಿಲ್ಲ. ಆದರೂ ಊರಿನ ಹೆಸರಿಲ್ಲದ ಚೀಟಿ ನನಗೆ ರುಚಿಸದು. ಅಂಕಿಯಲ್ಲಿ ಒಂದು ತಪ್ಪಿದರೆ ಜೇಡ ಅರಬ್ಬೀ ಸಮುದ್ರದಲ್ಲಿ ಬಿದ್ದಿರುತ್ತದೆ. ಊರಿನಲ್ಲಿ ಒಂದಕ್ಷರ ತಪ್ಪಿದರೂ ಕೊಟ್ಟಿಗೆಹಾರಕ್ಕೆ ಬಸ್ಸು ಸಿಗುತ್ತದೆ.

ಅಜ್ಜನಿಗೆ ಇದನ್ನೆಲ್ಲ ಹೇಳಲಿಲ್ಲ. ‘ಹೌದ್ರಿ, ಒಂದು ಕಳಕೊಂಡಿದ್ದೆ, ಭಾಳ ದಿನ ಆತು’ ಎಂದೆ. ‘ಈ ಮಡ್ಡ್ಯಾಗ ಬಿದ್ದದ್ದು ಎಲ್ಲೂ ಹೋಗೂದಿಲ್ಲ’ ಎಂದು ಕುರಿ ಹೊಡೆದುಕೊಂಡು ಹೋದ.

ಹಳದಿ ಜೇಡವನ್ನು ಜೀವಂತವಾಗಿಯೇ ಬಾಟಲಿಗೆ ಇಳಿಸಿದೆ. ಮದ್ಯಸಾರ ಹಾಕಲಿಲ್ಲ. ಭೂತಗನ್ನಡಿಯಲ್ಲಿ ಹೊಟ್ಟೆಯಡಿ ನೋಡಿದಾಗ ಫಲಕದ ಜಾಗ ಇನ್ನೂ ನುಣ್ಣಗಿತ್ತು, ತುಸು ಉಬ್ಬಿತ್ತು ಅಷ್ಟೆ. ಪ್ರಾಯಕ್ಕೆ ಬಂದಿಲ್ಲ. ಇದನ್ನು ಈಗ ಕೊಂದರೆ ಲೋಕದ ಯಾವ ತಜ್ಞನೂ ಇದು ಯಾರೆಂದು ಖಚಿತವಾಗಿ ಹೇಳಲಾರ. ಕೊನೆಯ ಪೊರೆ ಕಳಚುವವರೆಗೆ ಸಾಕಬೇಕು. ಬಾಯಿಗೆ ಬಟ್ಟೆ ಕಟ್ಟಿದೆ, ಒದ್ದೆ ಹತ್ತಿಯ ಉಂಡೆ ಇಟ್ಟೆ, ಒಂದು ತಂಗಡಿ ಗೆಲ್ಲು. ಪೆನ್ಸಿಲಿನಲ್ಲಿ ಚೀಟಿ ಬರೆದೆ. ಹುಡುಗಿ ಊರಿನ ಹೆಸರನ್ನು ತಾನೇ ಬರೆಯುತ್ತೇನೆ ಎಂದಳು, ಕನ್ನಡದಲ್ಲಿ ಬರೆದಳು. ಹುಡುಗ ಸುಮ್ಮನಿರುತ್ತಾನೆಯೇ, ಅದರ ಕೆಳಗೆ ಮರಾಠಿಯಲ್ಲಿ ಬರೆದ. ಅಂಕಿಗೆ ಜಾಗ ಸಾಲದೆ ಚೀಟಿಯ ಹಿಂದೆ ಬರೆದುಕೊಂಡೆ.

ಬಾಟಲಿ ಈಗ ನನ್ನ ಕಿಟಕಿಯಲ್ಲಿದೆ. ತಂಗಡಿ ಹೂವು ಎರಡನೇ ದಿನಕ್ಕೇ ಉದುರಿತು. ಆರನೇ ದಿನ ಜೇಡದ ಹಳದಿ ಇಳಿಯತೊಡಗಿತು, ಈಗ ಮಜ್ಜಿಗೆಯ ಬಣ್ಣ. ಹನ್ನೊಂದನೇ ದಿನ ಬೆಳಿಗ್ಗೆ ನೋಡಿದರೆ ಗೆಲ್ಲಿಗೆ ನೇತುಬಿದ್ದಿತ್ತು ಒಂದು ಖಾಲಿ ಅಂಗಿ, ಎಂಟು ಕಾಲಿನ ತೋಳು ಸಮೇತ, ಕೋಡು ಸಮೇತ. ಓಡಿ ಹೋಗಿ ಭೂತಗನ್ನಡಿ ತಂದೆ. ಹೊಟ್ಟೆಯಡಿ ಇನ್ನೂ ನುಣ್ಣಗಿದೆ. ಇನ್ನೊಂದು ಪೊರೆ ಬಾಕಿ ಇರಬೇಕು. ಸಂಜೆ ಕಳಿತ ಬಾಳೆಹಣ್ಣು ತಂದಿಡಬೇಕು, ಅದಕ್ಕೆ ನೊಣ ಕೂರುತ್ತವೆ.